ತೊಂಬತ್ತಮೂರೇ ಹಾಕಪ್ಪ

"ನಾರ್ಮಲ್ಲಾ ಮೇಡಂ, ಪ್ರೀಮಿಯಮ್ಮಾ?"

ಬಂಕಿನಲ್ಲಿ ಯಾರಾದರೂ ಇಷ್ಟು ಕೇಳಿದರೆ ಸಾಕು, ಈಗಲೂ ನನ್ನ ಎದೆ ಒಂದು ಸಲ ಧಸಕ್ಕೆನ್ನುತ್ತೆ. ಪೈಪು ಹಿಡಿದು ಅವನು ನಿಂತಿರುತ್ತಾನೆ, ಹಿಂದಿನ ಗಾಡಿಯವನು ಹಾರ್ನ್ ಹೊಡೀತಿರುತ್ತಾನೆ, ನಾನು ಮಾತ್ರ ಮುಂದೆ ಏರು ರಸ್ತೆ ಇದೆಯಾ, ಇಳಿಜಾರಾ ಅಂತ ನೋಡುತ್ತಾ ಕೂತಿರುತ್ತೇನೆ. ಅರವತ್ತು ದಾಟಿದ ಹೆಂಗಸು ಪೆಟ್ರೋಲ್ ಹಾಕಿಸೋಕೆ ಇಷ್ಟೊಂದು ಯೋಚನೆ ಮಾಡ್ತಾಳಲ್ಲ ಅಂತ ಅವನಿಗೆ ನಗು. ನಗಲಿ ಬಿಡಿ. ಎಂಬತ್ತರ ದಶಕದಲ್ಲಿ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನಾನು ಟೈಪಿಸ್ಟಾಗಿದ್ದೆ. ಅಲ್ಲಿ ಇನ್ಸ್‌ಪೆಕ್ಷನ್ ವಿಭಾಗ ನೋಡಿಕೊಳ್ಳುತ್ತಿದ್ದ ಒಬ್ಬರಿಂದ ಈ ಭಯ ನನಗೆ ಅಂಟಿಕೊಂಡಿತು.

ಅವರ ಹೆಸರು ಬೇಡ. ಹೆಸರು ಹೇಳಿದರೆ ಲಗ್ಗೆರೆ ಕಡೆಯ ಹಳೇ ಜನಕ್ಕೆ ತಕ್ಷಣ ಗೊತ್ತಾಗಿಬಿಡುತ್ತೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ಕಥೆ ಶುರು ಮಾಡುತ್ತಾರೆ. ನಮಗೆಲ್ಲ ಅವರು 'ಸಾರ್', ಅಷ್ಟೆ.

ಸಾರ್ ಲಗ್ಗೆರೆಯವರೇ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿತ್ತು. ಫ್ಯಾಕ್ಟರಿಯ ಸೈಕಲ್ ಸ್ಟ್ಯಾಂಡ್ ತೋರಿಸಿ "ಇಲ್ಲೇ ಕಣಮ್ಮ ನಮ್ಮ ಹುಣಸೇಮರ ಇದ್ದದ್ದು" ಅನ್ನೋರು, ಯಾರಿಗೋ ಬಸ್ ಸ್ಟಾಪ್ ತೋರಿಸಿದ ಹಾಗೆ. ಆರಡಿ ಆಳು, ಮೊರದಗಲ ಕೈ. ಒಂದು ಸಲ ಸ್ಟೋರಿಗೆ ನಾಗರಹಾವು ಬಂದಾಗ ಮ್ಯಾನೇಜರು ಮೇಜಿನ ಮೇಲೆ ಹತ್ತಿ ನಿಂತಿದ್ದರು. ಸಾರ್ ಒಂದು ಗೋಣಿಚೀಲ, ಒಂದು ಕೋಲು ಹಿಡಿದು ಒಬ್ಬರೇ ಒಳಗೆ ಹೋಗಿ, ಹಾವನ್ನು ಚೀಲಕ್ಕೆ ತುಂಬಿಸಿಕೊಂಡು, ಕೆರೆ ಕಡೆ ಬಿಟ್ಟು ಬಂದು ಟೀ ಕೇಳಿದರು. ಅಂಥ ಮನುಷ್ಯ ತನ್ನ ಕಾರಿನ ಕೀಲಿ ಕೈಗೆ ತಗೊಂಡರೆ ನಡುಗೋರು.

ಅವರ ಕೆಲಸವೇ ಕೇಳೋದು. ಫೌಂಡ್ರಿಯಿಂದ ಬಂದ ಎರಕದ ತುಂಡುಗಳನ್ನು ಸರಪಳಿಗೆ ನೇತುಹಾಕಿ, ಪುಟ್ಟ ಸುತ್ತಿಗೆಯಲ್ಲಿ ಟಣ್ ಅಂತ ತಟ್ಟಿ, ತಲೆ ಓರೆ ಮಾಡಿ ಕೇಳೋರು. ಗಟ್ಟಿ ಇದ್ದದ್ದು ಗಂಟೆ ಹಾಗೆ ಉಲಿಯೋದು. ಒಳಗೆ ಬಿರುಕಿದ್ದರೆ ಒಡಕು ಮಡಕೆ ಸದ್ದು. ಪಕ್ಕದಲ್ಲಿ ಯಾರಿದ್ದರೂ "ಕೇಳಿಸ್ತಾ?" ಅಂತ ಕೇಳದೆ ಬಿಡುತ್ತಿರಲಿಲ್ಲ. ಫೈಲ್ ಕೊಡೋಕೆ ಹೋದ ನನ್ನನ್ನೂ ನಿಲ್ಲಿಸಿಕೊಂಡು "ಕೇಳಿಸ್ತಾ?" ಅನ್ನೋರು. ನನಗೆ ಎಲ್ಲಾ ಟಣ್ ಒಂದೇ. "ಇಲ್ಲ ಸಾರ್" ಅಂದರೆ, ಅಯ್ಯೋ ಪಾಪ ಅನ್ನೋ ಹಾಗೆ ನನ್ನ ಮುಖ ನೋಡಿ ಫೈಲಿಗೆ ಸಹಿ ಹಾಕೋರು.

ನಾನೂ ನಮ್ಮಮ್ಮನೂ ಅವರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಆದ್ದರಿಂದ ಅವರ ಭಯ ಎಲ್ಲಿಂದ ಬಂತು ಅನ್ನೋದು ಫ್ಯಾಕ್ಟರಿಯವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಹೆಂಡತಿಗೆ ಉಬ್ಬಸ. ನಾವು ಅವರನ್ನು ಅಕ್ಕ ಅಂತಿದ್ದೆವು. ಕಡ್ಡಿ ಹಾಗಿದ್ದರು, ನಾಲಿಗೆ ಮಾತ್ರ ಕತ್ತರಿ. ಮಕ್ಕಳಿರಲಿಲ್ಲ. ಮೋಡ ಕವಿದರೆ, ಯಾರಾದರೂ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ, ರಸ್ತೆಯಲ್ಲಿ ಲಾರಿ ಧೂಳೆಬ್ಬಿಸಿದರೆ ಅಕ್ಕನ ಎದೆಯಲ್ಲಿ ಸಿಳ್ಳೆ ಶುರುವಾಗುತ್ತಿತ್ತು. ಸಾಮಾನ್ಯವಾಗಿ ಬಿಸಿನೀರು, ಮಾತ್ರೆಯಲ್ಲಿ ಇಳಿಯೋದು. ಕೆಲವು ಸಲ ಇಳಿಯುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಹಾಗೆ ಇಳಿಯದೇ ಹೋದಾಗ ಸಾರ್ ಆಟೋಗೆ ಓಡಿದರು. ಲಗ್ಗೆರೆಯ ಕೆಸರಿಗೆ ಯಾವ ಆಟೋದವನೂ ಬರಲೊಲ್ಲ. ಕೊನೆಗೆ ಒಂದು ಮರಳು ಲಾರಿಗೆ ಅಡ್ಡ ನಿಂತು, ಡ್ರೈವರ್ ಪಕ್ಕ ಅಕ್ಕನನ್ನು ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಹೋಗೋ ಹೊತ್ತಿಗೆ ಅಕ್ಕನ ಉಗುರು ನೀಲಿಯಾಗಿತ್ತಂತೆ. "ಇನ್ನು ಸ್ವಲ್ಪ ತಡವಾಗಿದ್ದರೆ ನಾವೇನೂ ಮಾಡೋಕಾಗ್ತಿರಲಿಲ್ಲ" ಅಂದರಂತೆ ಡಾಕ್ಟರು. ಆ ಒಂದು ಮಾತು ಸಾರ್ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಆಸ್ಪತ್ರೆಯಿಂದ ಬಂದವರೇ ಆಗ ತಾನೇ ಬರುತ್ತಿದ್ದ ಹೊಸ ಪುಟ್ಟ ಕಾರಿಗೆ ಹೆಸರು ಬರೆಸಿದರು.

ಕಾದು ಕಾದು ಕಾರು ಬಂತು. ಬಿಳಿ ಕಾರು. ಬೀದಿಗೆ ಬೀದಿಯೇ ಸೇರಿತು. ಪೂಜೆ ಮಾಡಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟರೆ, "ನಿಂಬೆಹುಳಿ ಟೈರಿಗೆ ಏನೂ ಮಾಡಲ್ವಾ?" ಅಂತ ಪೂಜಾರಪ್ಪನನ್ನು ಕೇಳಿದರು ಸಾರ್. ಅವನು ಪಾಪ, ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿ ತಬ್ಬಿಬ್ಬಾದ.

ಬಂದ ದಿನದಿಂದಲೇ ತೊಂದರೆಗಳೂ ಬಂದವು. ಚಳಿಗೆ ಬೆಳಗ್ಗೆ ಸ್ಟಾರ್ಟ್ ಆಗಲೊಲ್ಲದು, ಚೋಕ್ ಎಳೀಬೇಕು. ಚೋಕ್ ಒಂಚೂರು ಜಾಸ್ತಿ ಎಳೆದರೆ ಪೆಟ್ರೋಲು ಉಕ್ಕಿ ಓವರ್‌ಫ್ಲೋ ಆಗಿ ಉಸಿರೇ ಎತ್ತೋದಿಲ್ಲ. ಒಂದು ಸಲ ಬಿಸಿಲಲ್ಲಿ ಗೊರಗುಂಟೆಪಾಳ್ಯದ ಹತ್ತಿರ ನಿಂತದ್ದು ನಿಂತೇಬಿಟ್ಟಿತು. ಸರ್ವೀಸಿನವರ ಹತ್ತಿರ ಹೋದರೆ "ಹೊಸ ಗಾಡಿ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದು ಕಳಿಸುತ್ತಿದ್ದರು. ಸಾರ್ ಓದಿದವರು, ಮಾತಾಡುವಾಗ ಹಕಾರ ಎಲ್ಲ ಸರಿಯಾಗಿ ಇರೋದು. ಭಯವಾದಾಗ ಮಾತ್ರ ಹಕಾರ ಹಾರಿಹೋಗಿ ಹಳ್ಳಿ ಮಾತು ಬರುತ್ತಿತ್ತು. ಒಂದು ದಿನ ಸರ್ವೀಸಿನವನ ಮೇಲೆ ಕೂಗಾಡಿದರಂತೆ: "ಸೆಟ್ ಆಗೋಗಂಟ ನನ್ನೆಂಡ್ರು ಉಸ್ರು ಇಡ್ಕಂಡಿರ್ಬೇಕೇನಯ್ಯಾ?"

ಇನ್ನು ಪೆಟ್ರೋಲು. ಆಗ ಎರಡು ತರದ್ದು ಸಿಗುತ್ತಿತ್ತು. ಸಾದಾದು ಎಂಬತ್ತಮೂರು, ಮೇಲಿನ ದರ್ಜೆಯದು ತೊಂಬತ್ತಮೂರು. ಆ ಅಂಕಿಯ ಅರ್ಥ ಬಂಕಿನವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾದಾದು ಹಾಕಿದರೆ ಏರಿನಲ್ಲಿ ಇಂಜಿನ್ ಒಳಗಿಂದ ಟಕಟಕ ಅಂತ ಒಂದು ಸದ್ದು ಬರುತ್ತೆ, ಯಾರೋ ಒಳಗೆ ಕೂತು ಸುತ್ತಿಗೆಯಲ್ಲಿ ತಟ್ಟಿದ ಹಾಗೆ. ತೊಂಬತ್ತಮೂರು ಹಾಕಿದರೆ ಬರೋದಿಲ್ಲ ಅನ್ನೋದು ಸಾರ್ ಸಿದ್ಧಾಂತ. ಮೆಕಾನಿಕ್ ಒಬ್ಬ "ಎಂಬತ್ತಮೂರೇ ದಂಡಿಯಾಗಿ ಸಾಕು" ಅಂದ. ಇನ್ನೊಬ್ಬ "ಅರ್ಧರ್ಧ ಬೆರೆಸಿ" ಅಂದ. ಸಾರ್ ಯಾರ ಮಾತೂ ಕೇಳಲಿಲ್ಲ. ಬಿರುಕಿನ ಸದ್ದು ಕೇಳಿಯೇ ತಲೆ ಹಣ್ಣಾದ ಮನುಷ್ಯನಿಗೆ ಆ ಟಕಟಕ ಎಂಥ ಹಿಂಸೆಯಾಗಿರಬೇಕು, ಯೋಚಿಸಿ. ಲಗ್ಗೆರೆಯಿಂದ ಮೇಲಕ್ಕೆ ಹತ್ತುವ ಏರಿನಲ್ಲಿ ಕಾರು ಕೈಕೊಟ್ಟರೆ ಆಸ್ಪತ್ರೆಗೆ ಬೇರೆ ದಾರಿ ಇರಲಿಲ್ಲ. ಹತ್ತಿರದ ಬಂಕುಗಳಲ್ಲಿ ಸಾದಾದು ಮಾತ್ರ ಗ್ಯಾರಂಟಿ. ತೊಂಬತ್ತಮೂರಕ್ಕೆ ಯಶವಂತಪುರ ದಾಟಬೇಕು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅದಕ್ಕೇ ಅಂತ ಹೋಗೋರು. "ತೊಂಬತ್ತಮೂರೇ ಹಾಕಪ್ಪ" ಅನ್ನೋರು. ಅವನು ಪೈಪು ಎತ್ತಿದ ಮೇಲೂ "ತೊಂಬತ್ತಮೂರೇ ತಾನೆ?" ಅನ್ನೋರು. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ.

ಕಾರಿನ ಮೂತಿ ಯಾವಾಗಲೂ ಗೇಟಿನ ಕಡೆಗೇ ಇರಬೇಕು. ಅದಕ್ಕೆ ಅಡ್ಡ ಅಂತ ಅಂಗಳದ ಒಗೆಯೋ ಕಲ್ಲನ್ನು ಕೀಳಿಸಿ ಹಿಂದಕ್ಕೆ ಹಾಕಿಸಿದರು. "ನನ್ ಉಸ್ರಿಗೆ ಅಂತ ಕಾರು ತಂದ್ರು, ಈಗ ನೋಡು, ಕೊಡ ಒತ್ಕಂಡು ಇತ್ಲಿಗೆ ಓಡಾಡೀ ಓಡಾಡೀನೇ ಉಸ್ರು ಓಯ್ತದೆ" ಅಂತ ಅಕ್ಕ ನಮ್ಮಮ್ಮನ ಹತ್ತಿರ ಗೊಣಗೋರು. ಗೊಣಗಿದರೂ ಕಾರಿನ ಮೇಲೆ ಒಂದು ಎಲೆ ಬಿದ್ದಿದ್ದರೆ ಸೆರಗಿನಲ್ಲಿ ಒರೆಸೋರು.

ದಿನಾ ಬೆಳಗ್ಗೆ ಒಂದು ಶಾಸ್ತ್ರ ನಡೆಯುತ್ತಿತ್ತು. ನಾನು ಹಲ್ಲುಜ್ಜುತ್ತಾ ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಕ್ಕ ಡ್ರೈವರ್ ಸೀಟಿನಲ್ಲಿ ಕೂರಬೇಕು. ಸಾರ್ ಮುಂದೆ ನಿಂತು ಬಾನೆಟ್ ಎತ್ತಿ ಇಂಜಿನ್ನಿಗೆ ಕಿವಿ ಕೊಡೋರು. ಎತ್ತಿದ ಬಾನೆಟ್ಟು ಕಣ್ಣಿಗೆ ಅಡ್ಡ. ಅಕ್ಕನಿಗೆ ಮುಂದೆ ಏನೂ ಕಾಣುತ್ತಿರಲಿಲ್ಲ, ಸಾರ್ ಕೈ ಮಾತ್ರ ಬಾನೆಟ್ಟಿನ ಮೇಲೆ ಎದ್ದು ಕಾಣೋದು. ಬೆರಳು ಮೇಲೆ ಮಾಡಿದರೆ ಕೀಲಿ ತಿರುಗಿಸು. ಅಂಗೈ ತೋರಿಸಿದರೆ ಚೋಕ್ ಒಳಗೆ ತಳ್ಳು. ಮುಷ್ಟಿ ಹಿಡಿದರೆ ಸಾಕು, ಆಫ್ ಮಾಡು. ಆಫ್ ಆದ ಮೇಲೆ "ಕೇಳಿಸ್ತಾ?" ಅಂತ ಕೂಗೋರು. "ನಂಗೇನು ಕೇಳ್ಸುತ್ತೆ, ಒಲೆ ಮೇಲೆ ಆಲು ಉಕ್ತಿರೋದು ಕೇಳ್ಸುತ್ತೆ" ಅಂತ ಅಕ್ಕ ಇಳಿದು ಓಡೋರು.

ಫ್ಯಾಕ್ಟರಿಗೆ ನಾವು ಅದೇ ಕಾರಿನಲ್ಲಿ ಹೋಗುತ್ತಿದ್ದೆವು. ಮುಂದೆ ಟೂಲ್ ರೂಮಿನ ಸಿದ್ದರಾಜು, ಹಿಂದೆ ನಾನು. ಕಾರಿನ ಸುಖ ಅಂತ ನಾವು ಅನುಭವಿಸಿದ್ದೇ ಇಲ್ಲ. ಮಾತಾಡುವಂತಿಲ್ಲ, ನಕ್ಕರೆ "ಶ್!" ಅನ್ನೋರು. ಕಾರು ಏರು ಹತ್ತುವಾಗ ನಾವೂ ಉಸಿರು ಬಿಗಿ ಹಿಡಿದು ಕೂರುತ್ತಿದ್ದೆವು. "ಕೇಳಿಸ್ತಾ?" "ಇಲ್ಲ ಸಾರ್." "ಬಲಗಡೆ ಹಿಂದೆ, ಕೇಳಿಸ್ತಾ?" "ಇಲ್ಲ ಸಾರ್." ಇಳಿಯುವ ಹೊತ್ತಿಗೆ ನನಗೆ ಬೆವರು. ಮಾಡದ ತಪ್ಪಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದ ಹಾಗಾಗುತ್ತಿತ್ತು ದಿನಾ ಬೆಳಗ್ಗೆ.

ಸಿದ್ದರಾಜು ಒಳ್ಳೆಯವನೇ, ಸ್ವಲ್ಪ ತಲೆಹರಟೆ. ಅವನಿಗೆ ಅಕ್ಕನ ಕಾಯಿಲೆ ಸಂಗತಿ ಪೂರ್ತಿ ಗೊತ್ತಿರಲಿಲ್ಲ. ಈ ಕೇಳಿಸ್ತಾ ಪುರಾಣ ಸಾಕಾಗಿ ಒಂದು ದಿನ ಚಕ್ರದ ಮುಚ್ಚಳ ತೆಗೆದು ಒಳಗೆ ಒಂದು ನಟ್ಟು ಹಾಕಿ ಮತ್ತೆ ಮುಚ್ಚಿಬಿಟ್ಟ. ಕಾರು ಹೊರಟರೆ ಕಟರ್ ಕಟರ್. ಅಬ್ಬಾ, ಆ ದಿನ ಸಾರ್ ಮುಖ ನೋಡಬೇಕಿತ್ತು! ಇಷ್ಟು ದಿನ ತಮಗೊಬ್ಬರಿಗೇ ಕೇಳುತ್ತಿದ್ದ ಸದ್ದು ಊರಿಗೆಲ್ಲ ಕೇಳುತ್ತಿದೆ. ನಿಲ್ಲಿಸೋರು, ಇಳಿದು ಸುತ್ತೋರು, ನಿಂತ ಕಾರಿನಲ್ಲಿ ಸದ್ದೇ ಇಲ್ಲ. ಸಿದ್ದರಾಜು ಹಲ್ಲು ಕಚ್ಚಿ ನಗು ನುಂಗುತ್ತಿದ್ದ.

ಆವತ್ತು ಮಧ್ಯಾಹ್ನ ಸಾರ್ ಊಟಕ್ಕೆ ಬರಲಿಲ್ಲ. ನಾನೂ ಸಿದ್ದರಾಜುವೂ ಹುಡುಕಿಕೊಂಡು ಹೋದರೆ ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದರು, ಡಬ್ಬಿ ಬಿಚ್ಚಿಯೇ ಇಲ್ಲ. "ಸಿದ್ದ, ಈಗ ಮನೆಯಿಂದ ಪೋನು ಬಂದ್ರೆ ಏನ್ಮಾಡ್ಲಿ ಏಳು? ಈ ಕಾರ್ನ ನಂಬ್ಕಂಡು ಓಗ್ಲಾ? ಓಗಿ ದಾರೀಲಿ ನಿಂತ್ರೆ?" ಅಂದರು. ಕಣ್ಣಲ್ಲಿ ನೀರಿತ್ತು. ಸಿದ್ದರಾಜು ಬಗ್ಗಿ ಮುಚ್ಚಳ ಕಿತ್ತು ನಟ್ಟು ತೆಗೆದು ಅವರ ಕಾಲ ಹತ್ತಿರ ಇಟ್ಟ. ಕಪಾಳಕ್ಕೆ ಬಿಡ್ತಾರೆ ಅಂದುಕೊಂಡೆ ನಾನು. ಸಾರ್ ನಟ್ಟನ್ನು ಎತ್ತಿ ನೋಡಿ, "ನಟ್ಟಾ? ಬರೀ ನಟ್ಟಾ? ಸದ್ಯ, ಇಂಜಿನ್ ಅಲ್ಲ" ಅಂದು ದೊಡ್ಡದಾಗಿ ಉಸಿರು ಬಿಟ್ಟು, ಅಲ್ಲೇ ಕೂತು ಡಬ್ಬಿ ಬಿಚ್ಚಿ ತಿಂದರು. ಸಿದ್ದರಾಜು ಆವತ್ತಿನಿಂದ ಹುಡುಗಾಟ ಬಿಟ್ಟ.

ಆಮೇಲೆ ಒಂದು ವಾರ ತೊಂಬತ್ತಮೂರು ಎಲ್ಲೂ ಸಿಗಲಿಲ್ಲ. ಯಶವಂತಪುರದ ಆಚೆಯವನೂ "ಸ್ಟಾಕ್ ಇಲ್ಲ ಸಾರ್, ಲೋಡ್ ಬಂದಿಲ್ಲ" ಅಂದ. ಪೆಟ್ರೋಲಿನ ಮುಳ್ಳು ಕೆಳಗಿಳಿಯುತ್ತಾ ಬಂತು. ಬಂಕಿನಲ್ಲಿ ಸಾರ್ ಪೈಪಿನ ಮುಂದೆ ನಿಂತು, ಹಾಕಿಸಲಾ ಬೇಡವಾ ಅಂತ ಒದ್ದಾಡಿದ್ದನ್ನು ನಾನು ಹಿಂದಿನ ಸೀಟಿನಿಂದ ನೋಡುತ್ತಿದ್ದೆ. ಟ್ಯಾಂಕು ಖಾಲಿ ಇಟ್ಟರೆ ಅದೂ ಅಪಾಯ, ಸಾದಾದು ಹಾಕಿಸಿದರೆ ಇದೂ ಅಪಾಯ. "ಪೆಟ್ರೋಲು ಪೆಟ್ರೋಲೇ ಸಾರ್, ಹಾಕಿಸಿಬಿಡಿ" ಅಂದ ಸಿದ್ದರಾಜು. ಸಾರ್ ಕಣ್ಣು ಮುಚ್ಚಿ ಹೂಂ ಅಂದರು.

ಅದಾಗಿ ಎರಡನೇ ದಿನವೇ ಆಫೀಸಿನ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಹಿಟ್ಟಿನ ಗಿರಣಿಯ ಫೋನಿನಿಂದ ನಮ್ಮಮ್ಮ. "ಅಕ್ಕನಿಗೆ ಜೋರಾಗಿದೆ ಕಣೇ, ಮಾತೇ ಆಡ್ತಿಲ್ಲ, ಅವರನ್ನ ಬೇಗ ಕರ್ಕೊಂಡು ಬಾ." ನಾನು ಓಡಿದೆ. ಸಾರ್ ಕೈಯಲ್ಲಿ ಸುತ್ತಿಗೆ ಇತ್ತು, ನನ್ನ ಮುಖ ನೋಡಿದ್ದೇ ಅದನ್ನು ಕೆಳಗೆ ಹಾಕಿ ಓಡಿದರು.

ಕಾರಿನಲ್ಲಿ ಕೂತು ಚೋಕ್ ಎಳೆದರು. ಜಾಸ್ತಿ ಎಳೆದರು. ಘಮ್ ಅಂತ ಪೆಟ್ರೋಲ್ ವಾಸನೆ ಬಂತು. ಕೀಲಿ ತಿರುಗಿಸಿದರೆ ಕಿರಕಿರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಮತ್ತೆ. "ಓವರ್‌ಫ್ಲೋ ಆಯ್ತು, ಅಯ್ಯೋ ದೇವ್ರೇ, ನಾನೇ ಮಾಡ್ಬಿಟ್ಟೆ" ಅಂತ ಸ್ಟೀರಿಂಗ್ ಮೇಲೆ ತಲೆ ಚಚ್ಚಿಕೊಂಡರು. ಸಿದ್ದರಾಜು ಶಾಪಿನೊಳಗಿಂದ ಜನ ಕರೆದು ತಂದ. ಎಣ್ಣೆ ಕೈಗಳೆಲ್ಲ ಸೇರಿ ತಳ್ಳಿದವು. ಗೇಟು ದಾಟುವ ಹೊತ್ತಿಗೆ ಕಾರು ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು. ನಾನು ಓಡಿ ಹತ್ತಿಕೊಂಡೆ. ಮನೆ ಹತ್ತಿರ ಅಕ್ಕನನ್ನು ಎತ್ತಿ ಹಿಂದೆ ನನ್ನ ಪಕ್ಕ ಕೂರಿಸಿದರು. ಅಕ್ಕ ಮುಂದಿನ ಸೀಟಿನ ಬೆನ್ನು ಹಿಡಿದು, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ ಬಳೆ ಒಡೆದು ನನಗೇ ಚುಚ್ಚಿತು. ಅಷ್ಟು ಹೆದರಿದ್ದು ನಾನು ಜನ್ಮದಲ್ಲಿಲ್ಲ.

ಏರು ಶುರುವಾಯಿತು. ಸಾರ್ ಆಕ್ಸಿಲರೇಟರ್ ಪೂರಾ ಒತ್ತಿ ಹಿಡಿದಿದ್ದರು. ಆಗ ಬಂತು ಆ ಸದ್ದು, ಟಕಟಕಟಕ. ಮುಂದೆ ಇಂಜಿನ್ನಿನ ಟಕಟಕ, ಪಕ್ಕದಲ್ಲಿ ಅಕ್ಕನ ಎದೆಯ ಸಿಳ್ಳೆ. ಯಾವುದು ಮೊದಲು ನಿಲ್ಲುತ್ತೋ ಅಂತ ನಾನು ಎರಡಕ್ಕೂ ಕಿವಿ ಕೊಟ್ಟು ಕೂತಿದ್ದೆ. "ಸರೋಜಾ, ಕೇಳಿಸ್ತಾ?" ಅಂದರು ಸಾರ್. ಕನ್ನಡಿಯಲ್ಲಿ ಅವರ ಕಣ್ಣು ನೋಡಿದೆ. "ಇಲ್ಲ ಸಾರ್, ಏನೂ ಕೇಳಿಸ್ತಿಲ್ಲ, ನಡೀರಿ ನೀವು" ಅಂದೆ. ಅವರು ಗೇರ್ ಇಳಿಸಿದರು. ಕಾರು ಹತ್ತಿತು.

ಅಕ್ಕ ಉಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವು ಕಾಯುತ್ತಾ ಕೂತಿದ್ದಾಗ ನಾನು ಧೈರ್ಯ ಮಾಡಿ ಹೇಳಿದೆ: "ಸಾರ್, ಅಕ್ಕನಿಗೂ ಓಡಿಸೋದು ಕಲಿಸಿಬಿಡಿ. ನೀವು ಫ್ಯಾಕ್ಟರಿಯಿಂದ ಬರೋವರೆಗೆ ಕಾಯೋದು ತಪ್ಪುತ್ತೆ."

ಸಾರ್ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಅವಳಿಗಾ? ಓಡಿಸ್ತಾ ಇರೋವಾಗ ಉಬ್ಬಸ ಬಂದ್ರೆ? ಲಾರಿಗಳು ಓಡಾಡೋ ರೋಡು! ಬ್ಯಾಡಮ್ಮ, ಬ್ಯಾಡ. ನಾನಿಲ್ವಾ? ನಾನು ಇರೋವರೆಗೆ ಅವಳು ಯಾಕೆ ಓಡಿಸ್ಬೇಕು?"

ಅಲ್ಲಿಂದ ಮುಂದೆ ಅವರ ಕಾಳಜಿ ಇನ್ನೂ ಹೆಚ್ಚಾಯಿತು. ತೊಂಬತ್ತಮೂರು ಮುಗಿಯೋ ಮುಂಚೆ ಲೋಡ್ ಯಾವಾಗ ಬರುತ್ತೆ ಅಂತ ಬಂಕಿನವನನ್ನು ವಿಚಾರಿಸಿ ಇಟ್ಟುಕೊಳ್ಳೋರು. ಬೆಳಗಿನ ಶಾಸ್ತ್ರ ಭಾನುವಾರವೂ ತಪ್ಪುತ್ತಿರಲಿಲ್ಲ. ಚೋಕ್ ಎಷ್ಟು ಎಳೀಬೇಕು ಅನ್ನೋದು ಅಕ್ಕನ ಕೈಗೆ ಎಷ್ಟು ಚೆನ್ನಾಗಿ ಪಳಗಿತು ಅಂದರೆ, ಅವರು ಕೂತರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್. ಸಾರ್ ಕೂತರೆ ಎರಡು ಮೂರು ಸಲ ಬೇಕಾಗೋದು. "ನಿನ್ ಕೈಗುಣ ಕಣೆ" ಅನ್ನೋರು ಸಾರ್. ಅಕ್ಕನಿಗೆ ಅದೊಂದು ಹೆಮ್ಮೆ.

ಒಂದು ಶನಿವಾರ ನಾನೂ ಅಮ್ಮನೂ ವೈಟ್‌ಫೀಲ್ಡಿನಲ್ಲಿದ್ದ ನನ್ನ ಸ್ವಂತ ಅಕ್ಕನ ಮನೆಗೆ ಹೋದೆವು. ಭಾನುವಾರ ಸಂಜೆ ಬಸ್ಸಿಳಿದು ಬೀದಿಗೆ ತಿರುಗಿದರೆ ಮನೆ ಮುಂದೆ ಜನ. ನಮ್ಮಮ್ಮ ನಿಂತಲ್ಲೇ "ಅಯ್ಯೋ, ಹೋಗ್ಬಿಟ್ಟಳು ಪುಣ್ಯಾತ್ಗಿತ್ತಿ" ಅಂತ ಅಳೋಕೆ ಶುರು ಮಾಡಿದರು. ನಾನೂ ಹಾಗೇ ಅಂದುಕೊಂಡೆ. ನಾವಿಬ್ಬರೇ ಅಲ್ಲ, ಬೀದಿಯಲ್ಲಿ ಎಲ್ಲರೂ ಮೊದಲು ಹಾಗೇ ಅಂದುಕೊಂಡರಂತೆ. ಒಳಗೆ ಹೋದರೆ ಗೋಡೆಗೊರಗಿ ಅಕ್ಕ ಕೂತಿದ್ದಾರೆ. ಸಾರ್ ಚಾಪೆ ಮೇಲೆ ಮಲಗಿದ್ದಾರೆ, ಮೂಗಿಗೆ ಹತ್ತಿ.

ಅಕ್ಕ ನನಗೆ ಹೇಳಿದ್ದು ತಿಥಿಯೆಲ್ಲ ಮುಗಿದ ಮೇಲೆ, ಕಾರಿನ ಪಕ್ಕದ ಜಗಲಿಯಲ್ಲಿ ಕೂತು.

"ಇವ್ರು ಬಾನೆಟ್ ಎತ್ತಿದ್ರು. ಬೆರಳು ತೋರ್ಸಿದ್ರು. ನಾನು ತಿರುಗ್ಸಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಅಂಗೈ ತೋರ್ಸಿದ್ರು, ಚೋಕ್ ತಳ್ದೆ. ಆಮ್ಯಾಕೆ ಮುಷ್ಟಿ ಬರ್ಲಿಲ್ಲ. ನಾನು ಕಾಯ್ತಾ ಕೂತೆ ಕಣೆ ಸರೋಜ. ಏನೋ ಸದ್ದು ಕೇಳ್ತಾವ್ರೆ ಅಂದ್ಕಂಡೆ. ಇಂಜಿನ್ ಏನಾರ ಕೆಟ್ಟೋಯ್ತಾ ಅಂತ ನಂಗೆ ಭಯ. ಮಾತಾಡಿದ್ರೆ ಬೈತಾರೆ ಅಂತ ಸುಮ್ಕೆ ಕೂತಿದ್ದೆ, ಆ ಬಾನೆಟ್ನೇ ನೋಡ್ಕಂಡು. ಎಷ್ಟೊತ್ತು ಅಂಗೆ ಕೂತಿದ್ನೋ ಆ ದೇವ್ರಿಗೇ ಗೊತ್ತು."

ಕೊನೆಗೆ ಇಳಿದು ಮುಂದೆ ಹೋಗಿ ನೋಡಿದರೆ ಸಾರ್ ಬಂಪರಿಗೆ ಒರಗಿ ಕೂತಿದ್ದರು. ಒಂದು ಕೈ ಎದೆ ಮೇಲೆ. ಮುಖವೆಲ್ಲ ಬೆವರು. ಉಸಿರಿತ್ತು. ಅಕ್ಕನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದರಂತೆ.

ಕಾರಿನ ಮೂತಿ ಗೇಟಿನ ಕಡೆಗಿತ್ತು. ಹಿಂದಿನ ದಿನ ತಾನೇ ಟ್ಯಾಂಕು ತುಂಬ ತೊಂಬತ್ತಮೂರು ಹಾಕಿಸಿದ್ದರು. ಇಂಜಿನ್ ಒಂದಿಷ್ಟೂ ಅಪಸ್ವರವಿಲ್ಲದೆ ಓಡುತ್ತಿತ್ತು. ಅಂಗಳದಲ್ಲಿ ಅಡ್ಡ ಒಂದು ಕಲ್ಲೂ ಇರಲಿಲ್ಲ. ಅಕ್ಕನಿಗೆ ಅದನ್ನು ಸ್ಟಾರ್ಟ್ ಮಾಡೋದು, ಆಫ್ ಮಾಡೋದು ಬಿಟ್ಟರೆ ಇನ್ನೇನೂ ಗೊತ್ತಿರಲಿಲ್ಲ. ಬೀದಿಗೆ ಓಡಿ ಕೂಗೋಣ ಅಂದರೆ ಉಬ್ಬಸಕ್ಕೆ ದನಿ ಹೊರಡಲಿಲ್ಲವಂತೆ. ವಾಪಸ್ ಬಂದು ಕಾರಿನಲ್ಲಿ ಕೂತು ಹಾರ್ನ್ ಒತ್ತಿ ಹಿಡಿದರು. ಭಾನುವಾರ, ಫ್ಯಾಕ್ಟರಿಗಳಿಗೆಲ್ಲ ರಜೆ, ಆ ಬೀದಿಯಲ್ಲಿ ಓಡಿಸಲು ಬರುವ ಒಬ್ಬನೂ ಇಲ್ಲ. ಹಾರ್ನ್ ಕೇಳಿ ಬಂದವರೆಲ್ಲ ಗಾಡಿ ಸುತ್ತ ನಿಂತರು. ಯಾರೋ ತುಮಕೂರು ರಸ್ತೆಗೆ ಸೈಕಲ್ ತುಳಿದು ಒಬ್ಬ ಲಾರಿ ಡ್ರೈವರನ್ನು ಕರೆತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ಇಂಜಿನ್ ಮಾತ್ರ ನಿಲ್ಲಲಿಲ್ಲ ಕಣೆ," ಅಂದರು ಅಕ್ಕ. "ಆ ಲಾರಿಯವನೇ ಬಂದು ಆಫ್ ಮಾಡ್ದ."

ಈ ಮಾತು ಕೇಳಿದ ಮೇಲೆ ತಿಂಗಳುಗಟ್ಟಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಎತ್ತಿದ ಬಾನೆಟ್ಟು, ಅದರ ಹಿಂದೆ ಕೈಗೆ ಕಾಯುತ್ತಾ ಕೂತ ಅಕ್ಕ.

ಕಾರು ಮಾರಿಬಿಡಿ ಅಂದರು ನೆಂಟರು. ಅಕ್ಕ ಒಪ್ಪಲಿಲ್ಲ. ಒಂದು ದಿನ ಸಿದ್ದರಾಜುವನ್ನು ಕರೆಸಿ "ನಂಗೆ ಓಡ್ಸೋದು ಕಲ್ಸು" ಅಂದರು. ಅವನಿಗೆ ಗಾಬರಿ. ಆ ವಯಸ್ಸಿನ ಹೆಂಗಸು, ಉಬ್ಬಸ ಬೇರೆ. "ಅಕ್ಕಾ, ಅಕಸ್ಮಾತ್ ದಾರೀಲಿ ಹೆಚ್ಚು ಕಮ್ಮಿ ಆದ್ರೆ?" ಅಂದ. "ಆದ್ರೆ ನಿಲ್ಲಿಸ್ತೀನಿ. ನಿಲ್ಸೋದು ಕಲ್ಸಿಕೊಡಲ್ವಾ ನೀನು?" ಅಂದರು. ಫ್ಯಾಕ್ಟರಿ ರಜೆಯಿದ್ದಾಗ ಖಾಲಿ ರಸ್ತೆಗಳಲ್ಲಿ ಅವನು ಕಲಿಸಿದ. ಹಿಂದಿನ ಸೀಟಿನಲ್ಲಿ ಜೊತೆಗೆ ಅಂತ ಕೂತ ನಾನೂ ಕಲಿತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ದಿಂಬಿನ ಮೇಲೆ ಕೂತು, ಸ್ಟೀರಿಂಗನ್ನು ಮೊರ ಹಿಡಿದ ಹಾಗೆ ಹಿಡಿದು ಓಡಿಸುತ್ತಿದ್ದರು. ಬೀದಿಯವರು ಮೊದಲು ನಕ್ಕರು, ಆಮೇಲೆ ಬಸುರಿ ಹೆಂಗಸರಿಗೆ ನೋವು ಬಂದಾಗ ಅವರನ್ನೇ ಕರೆಯೋಕೆ ಬಂದರು.

ಲೈಸೆನ್ಸ್ ಬಂದ ವಾರ ನಾವಿಬ್ಬರೇ ಯಶವಂತಪುರದ ಆಚೆಯ ಬಂಕಿಗೆ ಹೋದೆವು. ಬಂಕಿನವನು ಕಾರಿನ ಗುರುತು ಹಿಡಿದ. ಕೇಳುವ ಮೊದಲೇ ತೊಂಬತ್ತಮೂರರ ಪೈಪಿಗೆ ಕೈ ಹಾಕಿದ.

"ಅದು ಬ್ಯಾಡಪ್ಪ," ಅಂದರು ಅಕ್ಕ. "ಸಾದಾದು ಹಾಕು."

"ಯಾಕಮ್ಮಾ? ಸಾಹೇಬ್ರು ಯಾವಾಗ್ಲೂ ಇದೇ..."

"ನಾನೆಲ್ಲಿ ಸತ್ತೋಯ್ತೀನೋ ಅಂತ ಅವ್ರಿಗೆ ಭಯ ಇತ್ತು. ನಂ‌ಗಿಲ್ಲ."

ಅವನು ಆ ಪೈಪು ವಾಪಸ್ ಇಟ್ಟ. ಆಮೇಲೆ ತಲೆ ತಗ್ಗಿಸಿ ಸಾದಾದು ಹಾಕಿದ.

ವಾಪಸ್ಸು ಬರುವಾಗ ಅಕ್ಕ ಬೇಕೆಂದೇ ಲಗ್ಗೆರೆಯೊಳಕ್ಕೆ ಇಳಿದು, ಮನೆ ದಾಟಿ, ಕಾರು ತಿರುಗಿಸಿ ಮತ್ತೆ ಆ ಏರಿನ ಬುಡಕ್ಕೆ ತಂದರು. ಹತ್ತತೊಡಗಿತು ಕಾರು. ಅರ್ಧಕ್ಕೆ ಬರುವಾಗ ಒಳಗಿಂದ ಟಕಟಕ ಶುರುವಾಯಿತು. ನನ್ನ ಕೈ ತಾನಾಗಿ ಸೀಟಿನ ಅಂಚು ಹಿಡಿಯಿತು. ಅಕ್ಕ ತಲೆ ಓರೆ ಮಾಡಿದರು, ಥೇಟ್ ಸಾರ್ ಮಾಡುತ್ತಿದ್ದ ಹಾಗೆ. ಕಣ್ಣಿಂದ ನೀರು ಇಳಿಯುತ್ತಿತ್ತು, ರಸ್ತೆ ಮೇಲಿಂದ ದೃಷ್ಟಿ ಮಾತ್ರ ತೆಗೆಯಲಿಲ್ಲ.

"ಕೇಳಿಸ್ತಾ ಸರೋಜ?"

"ಕೇಳಿಸ್ತು ಅಕ್ಕಾ," ಅಂದೆ.